ಕೇಳಿದವರಿಗೆ ಮಾತ್ರ ಸಿಗುವ ಹಕ್ಕು: ಒಂದು ದೊಡ್ಡ ಬ್ಯಾಂಕಿನ ಸೇವೆಯ ವಿಮರ್ಶೆ

ಬ್ಯಾಂಕಿನ ಸೇವೆಯನ್ನು ವಿಮರ್ಶಿಸುವವರು ಸಾಮಾನ್ಯವಾಗಿ ಬಡ್ಡಿದರ, ಆ್ಯಪಿನ ವೇಗ, ಶಾಖೆಯಲ್ಲಿನ ಸರತಿ ಇವುಗಳ ಬಗ್ಗೆ ಬರೆಯುತ್ತಾರೆ. ಈ ಬರಹದ ಅಳತೆಗೋಲು ಬೇರೆ. ಬಳ್ಳಾರಿ, ಕೊಪ್ಪಳ, ರಾಯಚೂರು ಈ ಮೂರೂ ಜಿಲ್ಲೆಗಳಲ್ಲಿ ಶಾಖೆಗಳನ್ನು ಹೊಂದಿರುವ ಒಂದು ದೊಡ್ಡ ಸಾರ್ವಜನಿಕ ವಲಯದ ಬ್ಯಾಂಕು, ತನ್ನೆಲ್ಲ ವ್ಯವಹಾರಗಳಲ್ಲಿ ಮಾನವ ಹಕ್ಕುಗಳನ್ನು ಗೌರವಿಸುವುದಾಗಿ ವಾರ್ಷಿಕ ವರದಿಯಲ್ಲಿ ಹೇಳಿಕೊಳ್ಳುತ್ತದೆ. ಆ ಮಾತು ಕೌಂಟರಿನಲ್ಲಿ, ಸಾಲದ ಅರ್ಜಿಯಲ್ಲಿ, ವಸೂಲಿಗೆ ಬಂದವರ ನಡವಳಿಕೆಯಲ್ಲಿ, ಕಾರ್ಖಾನೆ ಮತ್ತು ಗಣಿಗಳಿಗೆ ಕೊಡುವ ದೊಡ್ಡ ಸಾಲಗಳಲ್ಲಿ ಎಷ್ಟರ ಮಟ್ಟಿಗೆ ಉಳಿದುಕೊಳ್ಳುತ್ತದೆ ಎಂಬುದನ್ನು ಇಲ್ಲಿ ನೋಡಿದ್ದೇನೆ. ಮಹಿಳಾ ಸ್ವಸಹಾಯ ಸಂಘಗಳ ಲೆಕ್ಕಪತ್ರ ಬರೆಯುವ ಕೆಲಸದಿಂದಾಗಿ ಈ ಬ್ಯಾಂಕಿನ ಬಳ್ಳಾರಿ, ಗಂಗಾವತಿ, ಸಿಂಧನೂರು ಶಾಖೆಗಳಿಗೆ ನನ್ನ ಓಡಾಟ ಹೆಚ್ಚು. ಬ್ಯಾಂಕಿನ ಹೆಸರನ್ನು ಬರೆಯುತ್ತಿಲ್ಲ. ಹೆಸರು ಬರೆದರೆ, ಪ್ರಧಾನ ಕಚೇರಿಯಲ್ಲಿ ತೀರ್ಮಾನವಾದ ಸಂಗತಿಗಳಿಗೆ ಶಾಖೆಯಲ್ಲಿ ಕುಳಿತ ಇಬ್ಬರು ಸಿಬ್ಬಂದಿ ಉತ್ತರ ಕೊಡಬೇಕಾಗುತ್ತದೆ, ಅದು ನನಗೆ ಬೇಕಿಲ್ಲ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಬ್ಯಾಂಕಿನಲ್ಲಿ ಹಕ್ಕು ಇದೆಯೆಂದು ಗೊತ್ತಿದ್ದು ಕೇಳಿದವರಿಗೆ ಅದು ಬಹುಮಟ್ಟಿಗೆ ಸಿಗುತ್ತದೆ. ಗೊತ್ತಿಲ್ಲದೆ ಸುಮ್ಮನಿದ್ದವರಿಗೆ ಸಿಗುವುದಿಲ್ಲ. ಕೇಳಲು ಕೌಂಟರೇ ಇಲ್ಲದ ಕಡೆ, ಅಂದರೆ ದೊಡ್ಡ ಕಂಪನಿಗಳಿಗೆ ಕೊಡುವ ಸಾಲದ ವಿಷಯದಲ್ಲಿ, ಏನು ನಡೆಯುತ್ತದೆಂದು ಹೊರಗಿನವರಿಗೆ ತಿಳಿಯುವ ದಾರಿಯೇ ಕಾಣುವುದಿಲ್ಲ.

ಇಲ್ಲಿ ಬಳಸಿದ ಅಳತೆಗೋಲು ನನ್ನ ಸ್ವಂತದ್ದಲ್ಲ. ವ್ಯಾಪಾರ ಮತ್ತು ಮಾನವ ಹಕ್ಕುಗಳ ಕುರಿತು ವಿಶ್ವಸಂಸ್ಥೆಯ ವಿಶೇಷ ಪ್ರತಿನಿಧಿಯಾಗಿದ್ದ ಜಾನ್ ರಗ್ಗೀ ಅವರು ಸಿದ್ಧಪಡಿಸಿದ 31 ಮಾರ್ಗದರ್ಶಿ ತತ್ವಗಳನ್ನು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿಯು 2011ರ ಜೂನ್‌ನಲ್ಲಿ ಅನುಮೋದಿಸಿತು. ಹಕ್ಕುಗಳನ್ನು ರಕ್ಷಿಸುವುದು ಸರ್ಕಾರದ ಕರ್ತವ್ಯ, ಗೌರವಿಸುವುದು ವ್ಯಾಪಾರ ಸಂಸ್ಥೆಗಳ ಹೊಣೆ, ಹಕ್ಕು ಮುರಿದಾಗ ಪರಿಹಾರದ ದಾರಿ ತೆರೆದಿಡುವುದು ಇಬ್ಬರ ಮೇಲೂ ಇದೆ ಎಂಬುದು ಅವುಗಳ ತಿರುಳು. ನಮ್ಮ ಕೇಂದ್ರ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ 2019ರಲ್ಲಿ ಹೊರಡಿಸಿದ ಜವಾಬ್ದಾರಿಯುತ ವ್ಯವಹಾರದ ರಾಷ್ಟ್ರೀಯ ಮಾರ್ಗಸೂಚಿಯ ಒಂಬತ್ತು ತತ್ವಗಳಲ್ಲಿ ಐದನೆಯದು ಮಾನವ ಹಕ್ಕುಗಳಿಗೆ ಮೀಸಲಾಗಿದೆ. ಆ ತತ್ವಗಳಂತೆ ಏನು ನಡೆದಿದೆ ಎಂಬುದನ್ನು ಷೇರುಪೇಟೆಯ ಮೊದಲ 1000 ಕಂಪನಿಗಳು ಬಿಆರ್‌ಎಸ್‌ಆರ್ ಎಂಬ ವರದಿಯಲ್ಲಿ ತಿಳಿಸಬೇಕೆಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯು 2022–23ರಿಂದ ಕಡ್ಡಾಯ ಮಾಡಿದೆ. ಇವೆಲ್ಲಕ್ಕಿಂತ ಗ್ರಾಹಕರಿಗೆ ಹತ್ತಿರವಾದದ್ದು ರಿಸರ್ವ್ ಬ್ಯಾಂಕು 2014ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ಗ್ರಾಹಕ ಹಕ್ಕುಗಳ ಸನ್ನದು. ತಾರತಮ್ಯವಿಲ್ಲದ ನಡವಳಿಕೆ, ಪಾರದರ್ಶಕವಾದ ಪ್ರಾಮಾಣಿಕ ವ್ಯವಹಾರ, ನಮಗೆ ತಕ್ಕದ್ದನ್ನಷ್ಟೇ ನಮಗೆ ಮಾರುವುದು, ಖಾಸಗಿತನ, ದೂರು ಮತ್ತು ಪರಿಹಾರ ಎಂಬ ಐದು ಹಕ್ಕುಗಳು ಅದರಲ್ಲಿವೆ. ನಾನು ಹೋಗುವ ಶಾಖೆಗಳಲ್ಲಿ ಈ ಸನ್ನದು ಎಲ್ಲಿಯಾದರೂ ಕನ್ನಡದಲ್ಲಿ ತೂಗುಹಾಕಿದೆಯೇ ಎಂದು ಹುಡುಕಿದ್ದೇನೆ. ಒಂದು ಶಾಖೆಯಲ್ಲಿ ಇಂಗ್ಲಿಷಿನಲ್ಲಿದೆ, ಅದೂ ಮ್ಯಾನೇಜರ್ ಕೊಠಡಿಯ ಒಳಗೆ.

ಬ್ಯಾಂಕುಗಳು ನಮ್ಮ ಭಾಗದಲ್ಲಿ ಇಷ್ಟು ದೊಡ್ಡವಾದದ್ದು ಈಚೆಗೆ. 2017ರ ಏಪ್ರಿಲ್‌ನಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಮತ್ತು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎರಡೂ ಎಸ್‌ಬಿಐನಲ್ಲಿ ಸೇರಿದವು. 2020ರ ಏಪ್ರಿಲ್‌ನಲ್ಲಿ ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲಿ, ಆಂಧ್ರ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. 1976ರಲ್ಲಿ ಬಳ್ಳಾರಿಯನ್ನು ಕೇಂದ್ರವಾಗಿಟ್ಟುಕೊಂಡು ಹುಟ್ಟಿದ ತುಂಗಭದ್ರಾ ಗ್ರಾಮೀಣ ಬ್ಯಾಂಕು ಒಂದರ ಮೇಲೊಂದು ವಿಲೀನ ಕಂಡು, 2025ರ ಮೇ ತಿಂಗಳಿಂದ ಇಡೀ ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕಾಗಿದೆ. ಅದರ ಪ್ರಧಾನ ಕಚೇರಿ ಬಳ್ಳಾರಿಯಲ್ಲೇ ಉಳಿದದ್ದು ನಮಗೆ ಸಮಾಧಾನದ ಸಂಗತಿ. ಬ್ಯಾಂಕು ದೊಡ್ಡದಾದಷ್ಟೂ ನಿಯಮಗಳು ಎಲ್ಲ ಶಾಖೆಗಳಿಗೂ ಒಂದೇ ಆಗುತ್ತವೆ, ಅದು ಒಳ್ಳೆಯದೇ. ಆದರೆ ಊರಿನ ಜನರನ್ನು ಬಲ್ಲ ಮ್ಯಾನೇಜರ್ ತನ್ನ ವಿವೇಚನೆಯಿಂದ ಮಾಡುತ್ತಿದ್ದ ತೀರ್ಮಾನಗಳು ಈಗ ಕಂಪ್ಯೂಟರಿನ ಕಡ್ಡಾಯ ಕಾಲಂಗಳಿಗೆ ಹೋಗಿವೆ.

ಆ ಕಾಲಂಗಳಲ್ಲಿ ಒಂದರ ಕುರಿತು ವಿವರವಾಗಿ ಬರೆಯಬೇಕಿದೆ. ದೇವದಾಸಿ ಪದ್ಧತಿಯನ್ನು ರಾಜ್ಯ 1982ರಲ್ಲೇ ಕಾನೂನಿನ ಮೂಲಕ ನಿಷೇಧಿಸಿದೆ. ಹೀಗಿದ್ದರೂ ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳಲ್ಲಿ ಮಾಜಿ ದೇವದಾಸಿಯರ ಕುಟುಂಬಗಳು ಬಹಳಷ್ಟಿವೆ. ಆ ತಾಯಂದಿರ ಮಕ್ಕಳು ಈಗ ಕಾಲೇಜಿಗೆ ಬಂದಿದ್ದಾರೆ, ವಿದ್ಯಾರ್ಥಿವೇತನಕ್ಕಾಗಿ ಖಾತೆ ತೆರೆಯಲು ಬ್ಯಾಂಕಿಗೆ ಬರುತ್ತಾರೆ. ಅಂಥ ಒಬ್ಬ ಹುಡುಗಿಯ ಜೊತೆ ನಾನು ಕೌಂಟರಿನ ಮುಂದೆ ನಿಂತಿದ್ದೆ. ಹೆಸರು, ಹುಟ್ಟಿದ ದಿನಾಂಕ, ವಿಳಾಸ ಎಲ್ಲ ತುಂಬಿಯಾದ ಮೇಲೆ ಸಿಬ್ಬಂದಿ ಅರ್ಜಿಯ ಮೇಲೆ ಪೆನ್ನಿನ ತುದಿಯಿಟ್ಟು, ‘ಇಲ್ಲಿ ಅಪ್ಪನ ಹೆಸರು ಬಿಟ್ಟೀರಿ’ ಎಂದರು. ದನಿಯಲ್ಲಿ ಕೆಡುಕಿರಲಿಲ್ಲ. ಹಿಂದೆ ಸರತಿಯಲ್ಲಿ ಅವಳದೇ ಓಣಿಯವರು ನಿಂತಿದ್ದರು. ಹುಡುಗಿ ತಲೆ ತಗ್ಗಿಸಿ, ‘ಅವ್ವನ ಹೆಸರು ಬರೆದೀನ್ರಿ’ ಎಂದಳು. ‘ಅದಲ್ಲಮ್ಮ, ಅಪ್ಪನದು’ ಎಂದು ಅವರು ಮತ್ತೆ ಹೇಳಿದರು. ತಾಯಿಯೊಬ್ಬಳೇ ಪೋಷಕಳಾಗಿದ್ದರೆ ಪ್ಯಾನ್ ಕಾರ್ಡಿಗೂ ತಂದೆಯ ಹೆಸರು ಬೇಕಿಲ್ಲವೆಂದು 2018ರ ಡಿಸೆಂಬರ್‌ನಲ್ಲೇ ನಿಯಮ ಬದಲಾಗಿರುವುದನ್ನು ನಾನು ಹೇಳಿದಾಗ, ಅವರು ಒಳಗೆ ಹೋಗಿ ವಿಚಾರಿಸಿ ಬಂದು, ತಾಯಿಯ ಹೆಸರನ್ನಷ್ಟೇ ಬರೆದುಕೊಂಡು ಹುಡುಗಿಗೆ ಖಾತೆ ಮಾಡಿಕೊಟ್ಟರು. ಖಾತೆ ತೆರೆಯಲು ಯಾವ ತೊಡಕೂ ಇರಲಿಲ್ಲ ಎಂದಾಯಿತು. ತೊಡಕಿದ್ದದ್ದು ಆ ಪ್ರಶ್ನೆಯನ್ನು ಹತ್ತು ಜನರ ಮುಂದೆ ಕೇಳಿದ್ದರಲ್ಲಿ ಮತ್ತು ಬೇರೆ ದಾರಿಯಿದೆಯೆಂದು ಅರ್ಜಿಯಲ್ಲೇ ಅಚ್ಚು ಮಾಡದೆ ಇದ್ದುದರಲ್ಲಿ. ನಮ್ಮ ಜಿಲ್ಲೆಗಳಿಗೆ ಬರುವ ಪ್ರತಿಯೊಬ್ಬ ಅಧಿಕಾರಿಗೂ ಈ ಸಂಗತಿಯನ್ನು ಮೊದಲ ದಿನವೇ ತಿಳಿಸಬೇಕೆಂಬುದು ನನ್ನ ಬಲವಾದ ಒತ್ತಾಯ, ಏಕೆಂದರೆ ಆ ಹುಡುಗಿಯ ಜೊತೆ ಯಾರೂ ಬಾರದೆ ಇದ್ದಿದ್ದರೆ ಅವಳು ಖಾಲಿ ಕೈಯಲ್ಲಿ ಮನೆಗೆ ಹೋಗುತ್ತಿದ್ದಳು, ಮತ್ತೆ ಬರುತ್ತಿದ್ದಳೋ ಇಲ್ಲವೋ ಹೇಳಲಾಗದು.

ಲಿಂಗದ ಕಾಲಂ ಈ ವಿಷಯದಲ್ಲಿ ಮುಂದಿದೆ. ಮೂರನೆಯ ಲಿಂಗದವರ ಹಕ್ಕನ್ನು ಎತ್ತಿಹಿಡಿದ 2014ರ ಸುಪ್ರೀಂ ಕೋರ್ಟಿನ ನಾಲ್ಸಾ ತೀರ್ಪಿನ ಬಳಿಕ, 2015ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕು ಎಲ್ಲ ಅರ್ಜಿಗಳಲ್ಲೂ ಮೂರನೆಯ ಲಿಂಗವನ್ನು ಸೇರಿಸಲು ಸೂಚಿಸಿತು. ಈ ಬ್ಯಾಂಕಿನ ಅರ್ಜಿಯಲ್ಲಿ ಅದು ಅಚ್ಚಾಗಿಯೇ ಬರುತ್ತದೆ. ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿಯವರ ನಾಡು ಇದು. ಜೋಗತಿಯರು, ಜೋಗಪ್ಪಂದಿರು ಕೌಂಟರಿಗೆ ಬಂದಾಗ ಸಿಬ್ಬಂದಿ ಮರ್ಯಾದೆಯಿಂದ ಮಾತನಾಡಿಸಿದ್ದನ್ನು ಬಳ್ಳಾರಿಯ ಶಾಖೆಯಲ್ಲಿ ಕಂಡಿದ್ದೇನೆ. ಅಚ್ಚಾದ ಅರ್ಜಿಯಲ್ಲಿ ಹಕ್ಕು ಮೊದಲೇ ಇದ್ದರೆ ಯಾರೂ ವಾದ ಮಾಡಬೇಕಾಗಿಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಭಾಷೆಯ ವಿಷಯ ಹಾಗಿಲ್ಲ. ಫಲಕಗಳು, ಅರ್ಜಿಗಳು ಕನ್ನಡದಲ್ಲೂ ಇರಬೇಕೆಂಬ ನಿಯಮವನ್ನು ಫಲಕಗಳ ಮಟ್ಟಿಗೆ ಪಾಲಿಸಿದ್ದಾರೆ. ಆದರೆ ಸಾಲದ ಕರಾರುಪತ್ರ ಇಂಗ್ಲಿಷಿನಲ್ಲೇ ಬರುತ್ತದೆ. ಬಳ್ಳಾರಿಯಲ್ಲಿ ಮನೆಯಲ್ಲಿ ತೆಲುಗು ಆಡುವವರು, ರಾಯಚೂರಿನಲ್ಲಿ ಉರ್ದು ಆಡುವವರು ಇದ್ದಾರೆ, ಅವರೂ ಕನ್ನಡದಲ್ಲಿ ವ್ಯವಹರಿಸಬಲ್ಲರು. ಯಾರಿಗೂ ಓದಲು ಬಾರದ ಭಾಷೆಯ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವುದು ಪಾರದರ್ಶಕತೆಯ ಹಕ್ಕಿಗೆ ನೇರವಾಗಿ ವಿರುದ್ಧ.

ಇನ್ನು ಹಳ್ಳಿಗಳಲ್ಲಿ ಬ್ಯಾಂಕ್ ಮಿತ್ರರ, ಅಂದರೆ ಬೆರಳಚ್ಚಿನ ಯಂತ್ರ ಇಟ್ಟುಕೊಂಡು ಬ್ಯಾಂಕಿನ ಪರವಾಗಿ ವ್ಯವಹರಿಸುವವರ, ಮೂಲಕ ಹಣ ಕೊಡುವ ಸೇವೆ. ದೂರದ ಶಾಖೆಗೆ ಬಸ್ಸಿನ ಖರ್ಚು ಮಾಡಿಕೊಂಡು ಹೋಗುವುದನ್ನು ಇದು ತಪ್ಪಿಸಿದೆ, ಗೃಹಲಕ್ಷ್ಮಿಯ 2000 ರೂಪಾಯಿ, ವೃದ್ಧಾಪ್ಯ ವೇತನ, ಕೂಲಿಯ ಹಣ ಊರಲ್ಲೇ ಕೈಗೆ ಬರುತ್ತದೆ. ಇದನ್ನು ನಾನು ಮನಸಾರೆ ಮೆಚ್ಚುತ್ತೇನೆ. ತೊಂದರೆ ಬರುವುದು ಬೆರಳಿನಲ್ಲಿ. ಸಿಂಧನೂರಿನ ಸುತ್ತ ಭತ್ತದ ನಾಟಿ ಮಾಡುವ, ಸಂಡೂರಿನ ಕಡೆ ಕಲ್ಲು ಒಡೆಯುವ, ಕೊಪ್ಪಳದ ಹತ್ತಿ ಹೊಲದಲ್ಲಿ ದುಡಿಯುವ ಹೆಂಗಸರ ಬೆರಳಿನ ಗೆರೆಗಳು ಸವೆದುಹೋಗಿರುತ್ತವೆ. ಒಬ್ಬ ಅಜ್ಜಿ ಹೆಬ್ಬೆರಳನ್ನು ಸೆರಗಿನಲ್ಲಿ ಒರೆಸಿ ಯಂತ್ರಕ್ಕೆ ಒತ್ತಿದರು, ಹೊಂದಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ ಒತ್ತಿದರು, ಹೊಂದಲಿಲ್ಲ. ‘ತೋರುಬೆರಳು ಇಡ್ರಿ ಅವ್ವಾ, ಜೋರಾಗಿ ಒತ್ರಿ’ ಎಂದು ಬ್ಯಾಂಕ್ ಮಿತ್ರ ಹುಡುಗ ತಾಳ್ಮೆಯಿಂದಲೇ ಹೇಳಿದ. ಪ್ರತಿ ಸಲವೂ ತಪ್ಪೆಂಬ ಸದ್ದು ಬಂದಾಗ ಆಕೆ ತನ್ನದೇ ತಪ್ಪೇನೋ ಎಂಬಂತೆ ಸುತ್ತಲಿನವರನ್ನು ನೋಡುತ್ತಿದ್ದರು. ಶಾಖೆಗೆ ಹೋದರೆ ಪಾಸ್‌ಬುಕ್ಕಿನ ಭಾವಚಿತ್ರ ನೋಡಿ, ಸಿಬ್ಬಂದಿಯ ಎದುರು ಹೆಬ್ಬೆಟ್ಟು ಹಾಕಿಸಿಕೊಂಡು ಹಣ ಕೊಡುವ ಹಳೆಯ ಪದ್ಧತಿ ಇನ್ನೂ ಚಾಲ್ತಿಯಲ್ಲಿದೆ ಎಂಬುದು ಆ ಊರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಬೆರಳು ಹೊಂದದಿದ್ದರೆ ಮುಂದೇನು ಮಾಡಬೇಕೆಂಬ ಎರಡು ಸಾಲನ್ನು ಆ ಯಂತ್ರದ ಪಕ್ಕದಲ್ಲಿ ಅಂಟಿಸಿದರೆ ಸಾಕಿತ್ತು.

ಅಂಗವಿಕಲರ ವಿಷಯದಲ್ಲಿ ನಿಯಮಗಳು ಬಹಳ ಸ್ಪಷ್ಟವಾಗಿವೆ. ಅಂಧರಿಗೆ ಚೆಕ್‌ಬುಕ್, ಎಟಿಎಂ ಕಾರ್ಡ್, ಲಾಕರ್ ಯಾವುದನ್ನೂ ನಿರಾಕರಿಸುವಂತಿಲ್ಲ. 2014ರ ಜುಲೈ 1ರ ನಂತರ ಹಾಕುವ ಎಲ್ಲ ಹೊಸ ಎಟಿಎಂಗಳೂ ಮಾತನಾಡುವ, ಬ್ರೈಲ್ ಕೀಲಿಗಳ ಯಂತ್ರಗಳೇ ಆಗಿರಬೇಕು. 70 ವರ್ಷ ದಾಟಿದವರಿಗೂ ಅಂಗವಿಕಲರಿಗೂ ಮನೆಬಾಗಿಲಲ್ಲೇ ಮೂಲ ಸೇವೆಗಳನ್ನು ಕೊಡಬೇಕೆಂದು 2017ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕು ಹೇಳಿದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟು, ಆ್ಯಸಿಡ್ ದಾಳಿಗೆ ಒಳಗಾಗಿ ಕಣ್ಣು ಮಿಟುಕಿಸಲು ಆಗದವರು ವಿಡಿಯೊ ಕೆವೈಸಿಯಲ್ಲಿ, ಅಂದರೆ ಕ್ಯಾಮೆರಾ ಮುಂದೆ ಗುರುತು ಖಚಿತಪಡಿಸುವಾಗ, ಪಡುತ್ತಿದ್ದ ಪಾಡನ್ನು ಪರಿಗಣಿಸಿ, ಡಿಜಿಟಲ್ ಸೇವೆಯನ್ನು ಪಡೆಯುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೆಂದು ತೀರ್ಪು ನೀಡಿತು. ನಾನು ಕಂಡ ಶಾಖೆಗಳಲ್ಲಿ ಇಳಿಜಾರು ದಾರಿ ಇದೆ, ಆದರೆ ಒಂದು ಕಡೆ ಅದು ಎಷ್ಟು ಕಡಿದಾಗಿದೆಯೆಂದರೆ ಗಾಲಿಕುರ್ಚಿಯವರು ಇನ್ನೊಬ್ಬರ ಸಹಾಯವಿಲ್ಲದೆ ಹತ್ತಲಾರರು. ಬಿಆರ್‌ಎಸ್‌ಆರ್ ವರದಿಯಲ್ಲಿ ‘ಅಂಗವಿಕಲ ಸಂದರ್ಶಕರಿಗೆ ಕಚೇರಿಗಳು ಸುಗಮವಾಗಿವೆಯೇ’ ಎಂಬ ಪ್ರಶ್ನೆಯಿದೆ. ಸೆಬಿಯು ಅದನ್ನು ಕಡ್ಡಾಯ ಪ್ರಶ್ನೆಗಳ ಸಾಲಿನಲ್ಲಿ ಇಡದೆ ಇಚ್ಛೆಯಿದ್ದರೆ ಉತ್ತರಿಸುವ ಸಾಲಿನಲ್ಲಿ ಇಟ್ಟಿರುವುದು ನನಗೆ ಸರಿಯೆನಿಸುವುದಿಲ್ಲ.

ಒಪ್ಪಿಗೆ ಕೇಳದೆ ಹಣ ಕಡಿತ ಮಾಡುವುದು ಇನ್ನೊಂದು ಕೊರತೆ. ಸಂಘದ ಸದಸ್ಯೆಯರ ಪಾಸ್‌ಬುಕ್ ಎಂಟ್ರಿ ಮಾಡಿಸಿದಾಗ ಮೇ ತಿಂಗಳ ಕೊನೆಗೆ 436 ರೂಪಾಯಿಯ ಒಂದು ಸಾಲು, 20 ರೂಪಾಯಿಯ ಒಂದು ಸಾಲು ಕಾಣುತ್ತವೆ. ಅವು ಪ್ರಧಾನಮಂತ್ರಿ ಜೀವನಜ್ಯೋತಿ ಮತ್ತು ಸುರಕ್ಷಾ ವಿಮೆಗಳ ವಾರ್ಷಿಕ ಕಂತು. ಎರಡೂ ಒಳ್ಳೆಯ ಯೋಜನೆಗಳೇ, ತಲಾ 2 ಲಕ್ಷ ರೂಪಾಯಿಯ ರಕ್ಷಣೆ ಅವುಗಳಲ್ಲಿದೆ. ಆದರೆ ವಿಮೆ ಇದೆಯೆಂಬುದು ಗಂಡನಿಗೋ ಮಕ್ಕಳಿಗೋ ಇರಲಿ, ಸ್ವತಃ ವಿಮೆ ಇರುವವರಿಗೇ ಗೊತ್ತಿಲ್ಲದಿದ್ದರೆ ನಾಳೆ ಸಾವು ಸಂಭವಿಸಿದಾಗ ಆ ಹಣವನ್ನು ಕೇಳುವವರು ಯಾರು? ಬೆಳೆವಿಮೆಯೂ ಹಾಗೆಯೇ: 2020ರ ಮುಂಗಾರಿನಿಂದ ಸಾಲ ಪಡೆದ ರೈತರಿಗೂ ಅದು ಐಚ್ಛಿಕ, ಬೇಡವೆಂದರೆ ಬರೆದುಕೊಡಬಹುದು, ಆದರೆ ಹಾಗೆ ಬರೆದುಕೊಡಬಹುದೆಂದು ಬ್ಯಾಂಕು ಮುಂದಾಗಿ ಹೇಳಿದ್ದನ್ನು ನಾನು ಕೇಳಿಲ್ಲ. ಬರ ಪರಿಹಾರದ ಹಣವನ್ನು ರೈತರ ಹಳೆಯ ಸಾಲಕ್ಕೆ ಜಮಾ ಮಾಡಿಕೊಳ್ಳಬಾರದೆಂದು 2024ರಲ್ಲಿ ರಾಜ್ಯ ಸರ್ಕಾರವೇ ಬ್ಯಾಂಕುಗಳಿಗೆ ಹೇಳಬೇಕಾಗಿ ಬಂದಿತ್ತು. ಹಸಿವು ನೀಗಲೆಂದು ಬಂದ ಹಣ ಸಾಲದ ಲೆಕ್ಕಕ್ಕೆ ಹೋಗಬಾರದೆಂಬುದು ಸರ್ಕಾರ ನೆನಪಿಸುವವರೆಗೂ ಕಾಯಬೇಕಾದ ಸಂಗತಿಯಲ್ಲ.

ಮೆಚ್ಚುಗೆಯಿಂದ ಬರೆಯಬೇಕಾದದ್ದು ಸಂಘಗಳ ಸಾಲದ ಬಗ್ಗೆ. ನಬಾರ್ಡ್ 1992ರಲ್ಲಿ ಸ್ವಸಹಾಯ ಸಂಘಗಳನ್ನು ಬ್ಯಾಂಕಿಗೆ ಜೋಡಿಸಲು ಆರಂಭಿಸಿದ ಮೇಲೆ, ಪಹಣಿಯಲ್ಲಿ ಹೆಸರಿಲ್ಲದ, ಜಾಮೀನು ಕೊಡಲಾಗದ ಹೆಂಗಸರೂ ಬ್ಯಾಂಕಿನ ಒಳಗೆ ಕುರ್ಚಿಯಲ್ಲಿ ಕುಳಿತು ಮಾತನಾಡುವಂತಾಯಿತು. ಇಂದು 10 ಲಕ್ಷ ರೂಪಾಯಿವರೆಗಿನ ಸಂಘದ ಸಾಲಕ್ಕೆ ಯಾವ ಅಡಮಾನವೂ ಬೇಕಿಲ್ಲ, ಸಂಘದ ಉಳಿತಾಯ ಖಾತೆಯನ್ನು ತಡೆಹಿಡಿಯುವಂತಿಲ್ಲ, ಠೇವಣಿ ಇಡಿ ಎಂದು ಒತ್ತಾಯಿಸುವಂತಿಲ್ಲ. ಈ ಬ್ಯಾಂಕಿನ ಗಂಗಾವತಿ ಶಾಖೆಯ ಅಧಿಕಾರಿಯೊಬ್ಬರು ಸಂಘದ ಸಭೆಗೇ ಬಂದು, ನೆಲದ ಮೇಲೆ ಕುಳಿತು, ಬಡ್ಡಿಯ ಲೆಕ್ಕವನ್ನು ಪ್ರತಿಯೊಬ್ಬರಿಗೂ ತಿಳಿಯುವಂತೆ ಹೇಳಿದರು; ಅಂಥ ಅಧಿಕಾರಿಗಳು ಯಾವ ವರದಿಯಲ್ಲೂ ಕಾಣಿಸಿಕೊಳ್ಳುವುದಿಲ್ಲ. ಇನ್ನೊಂದು ಶಾಖೆಯಲ್ಲಿ ಮಾತ್ರ, ಸಾಲ ಮಂಜೂರಾಗುವ ಮುನ್ನ ಸಂಘದ ಹೆಸರಿನಲ್ಲಿ ಸ್ವಲ್ಪ ಠೇವಣಿ ಇಟ್ಟರೆ ‘ಒಳ್ಳೆಯದು’ ಎಂಬ ಸಲಹೆ ಬಂತು. ನಿಯಮ ತೋರಿಸಿದ ಕೂಡಲೇ ಆ ಮಾತನ್ನು ಕೈಬಿಟ್ಟರು. ಇಲ್ಲಿಯೂ ಅದೇ ಕಥೆ: ಗೊತ್ತಿದ್ದವರಿಗೆ ಒಂದು ನಿಯಮ, ಗೊತ್ತಿಲ್ಲದವರಿಗೆ ಇನ್ನೊಂದು.

ವಸೂಲಿಯ ವಿಷಯಕ್ಕೆ ಬಂದರೆ, ಬ್ಯಾಂಕಿನ ಸ್ವಂತ ಸಿಬ್ಬಂದಿಯ ನಡವಳಿಕೆಯ ಬಗ್ಗೆ ನನಗೆ ದೂರಿಲ್ಲ. ಹೊರಗುತ್ತಿಗೆಯ ಏಜೆಂಟರು ಬಂದಾಗ ಮಾತಿನ ಧಾಟಿ ಬದಲಾಗುತ್ತದೆ. ಬೆಳಿಗ್ಗೆ 8ರ ಮೊದಲು, ಸಂಜೆ 7ರ ನಂತರ ಸಾಲಗಾರರಿಗೆ ಫೋನ್ ಮಾಡಬಾರದು, ಬಂಧುಬಳಗದ ಮುಂದೆ ಅವಮಾನಿಸಬಾರದು, ಏಜೆಂಟರ ತಪ್ಪಿಗೆ ಬ್ಯಾಂಕೇ ಹೊಣೆ ಎಂದು ರಿಸರ್ವ್ ಬ್ಯಾಂಕು 2022ರ ಆಗಸ್ಟ್‌ನಲ್ಲಿ ಮತ್ತೊಮ್ಮೆ ಖಚಿತಪಡಿಸಿದೆ. ಕಾನೂನಿನ ದಾರಿಯಲ್ಲೇ ವಸೂಲಿ ಮಾಡಬೇಕು, ಬಲಪ್ರಯೋಗದಿಂದಲ್ಲ ಎಂದು ಸುಪ್ರೀಂ ಕೋರ್ಟು 2007ರಲ್ಲೇ ಹೇಳಿತ್ತು. ಹೀಗಿದ್ದೂ, ಟ್ರ್ಯಾಕ್ಟರ್ ಸಾಲದ ಎರಡು ಕಂತು ಬಾಕಿಯಿದ್ದ ರೈತರೊಬ್ಬರ ಮನೆಗೆ ಮಗಳ ನಿಶ್ಚಿತಾರ್ಥದ ದಿನವೇ ಬಂದು ಅಂಗಳದಲ್ಲಿ ನಿಂತ ಏಜೆಂಟರು ಈ ಬ್ಯಾಂಕಿನ ಪರವಾಗಿಯೇ ಬಂದಿದ್ದರು. ಶಾಖೆಗೆ ದೂರು ಕೊಟ್ಟಾಗ, ‘ಅವರು ನಮ್ಮವರಲ್ಲ, ಏಜೆನ್ಸಿಯವರು’ ಎಂಬ ಉತ್ತರ ಬಂತು. ಆ ಉತ್ತರವನ್ನು ಒಪ್ಪಲಾಗದು. ಬ್ಯಾಂಕಿನ ಹೆಸರು ಹೇಳಿ ಬಂದವರು ಬ್ಯಾಂಕಿನವರೇ.

ಇದಕ್ಕಿಂತ ದೂರದ, ಆದರೆ ಅಷ್ಟೇ ನಿಜವಾದ ಇನ್ನೊಂದು ನಂಟಿದೆ. ಮೈಕ್ರೋಫೈನಾನ್ಸ್ ಕಂಪನಿಗಳ ಕಿರುಕುಳ ತಾಳಲಾರದೆ ಜನ ಊರು ಬಿಡುವ ಸ್ಥಿತಿ ಬಂದಾಗ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಅಂಥ ಕಂಪನಿಗಳು ಹಂಚುವ ಹಣದಲ್ಲಿ ದೊಡ್ಡ ಪಾಲು ಬರುವುದು ಬ್ಯಾಂಕುಗಳ ಸಗಟು ಸಾಲದಿಂದ. ವಿಶ್ವಸಂಸ್ಥೆಯ ತತ್ವಗಳ ಪ್ರಕಾರ, ತಾನೇ ಹಾನಿ ಮಾಡದಿದ್ದರೂ ತನ್ನ ವ್ಯವಹಾರದ ನಂಟಿನಿಂದ ನೇರವಾಗಿ ಜೋಡಿಕೊಂಡ ಹಾನಿಯನ್ನು ತಡೆಯಲು ಸಂಸ್ಥೆ ಪ್ರಯತ್ನಿಸಬೇಕು. ತಾನು ಹಣ ಕೊಟ್ಟ ಕಂಪನಿಯ ವಸೂಲಿಗಾರರು ಸಿಂಧನೂರಿನ ಒಂದು ಮನೆಯ ಮುಂದೆ ರಾತ್ರಿಯವರೆಗೆ ಕುಳಿತರೆ ಬ್ಯಾಂಕಿಗೆ ಅದು ತಿಳಿಯುತ್ತದೆಯೇ, ತಿಳಿದರೆ ಮುಂದಿನ ಸಗಟು ಸಾಲಕ್ಕೆ ಷರತ್ತು ಹಾಕುತ್ತದೆಯೇ? ವಾರ್ಷಿಕ ವರದಿಯಲ್ಲಿ ಇದಕ್ಕೆ ಉತ್ತರವಿಲ್ಲ.

ದೊಡ್ಡ ಸಾಲಗಳೇ ಈ ವಿಮರ್ಶೆಯ ಮುಖ್ಯ ಭಾಗ. ನಮ್ಮ ಮೂರು ಜಿಲ್ಲೆಗಳು ಬಂಡವಾಳದ ಭಾರವನ್ನು ಹೊತ್ತ ಜಿಲ್ಲೆಗಳು: ತೋರಣಗಲ್ಲಿನ ಉಕ್ಕು, ಸಂಡೂರಿನ ಅದಿರು, ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಸ್ಥಾವರ, ಹಟ್ಟಿಯ ಚಿನ್ನ, ಗಿಣಿಗೇರಾ ಸುತ್ತಲಿನ ಕಾರ್ಖಾನೆಗಳು. ಇಂಥ ಉದ್ಯಮಗಳು ಬ್ಯಾಂಕಿನ ಸಾಲವಿಲ್ಲದೆ ಏಳುವುದಿಲ್ಲ. ಭೂಮಿ ಕಳೆದುಕೊಂಡವರಿಗೆ ನ್ಯಾಯವಾದ ಪರಿಹಾರ ಸಿಕ್ಕಿತೇ, ಬೂದಿ ಮತ್ತು ದೂಳು ಯಾರ ಮನೆಯ ಮೇಲೆ ಬೀಳುತ್ತದೆ, ಗುತ್ತಿಗೆ ಕಾರ್ಮಿಕರಿಗೆ ಕನಿಷ್ಠ ಕೂಲಿ ಸಿಗುತ್ತದೆಯೇ ಎಂಬುದನ್ನು ಸಾಲ ಕೊಡುವ ಮುನ್ನ ಬ್ಯಾಂಕು ನೋಡುತ್ತದೆಯೇ? ಅದಿರು ಗಣಿಗಾರಿಕೆಯ ಅನುಭವ ನಮಗಿದೆ. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ವರದಿ ಬಂದ ಎರಡೇ ದಿನಕ್ಕೆ, 2011ರ ಜುಲೈ 29ರಂದು, ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆಯನ್ನು ನಿಲ್ಲಿಸಿತು. ಅಷ್ಟರಲ್ಲಿ ಅದಿರು ಸಾಗಿಸಲೆಂದು ಸಾಲದಲ್ಲಿ ಲಾರಿ ಕೊಂಡವರ ಕಂತುಗಳು ನಿಂತುಹೋದವು. ಹಕ್ಕು ಮತ್ತು ಪರಿಸರದ ಪ್ರಶ್ನೆಗಳನ್ನು ಸಾಲ ಕೊಡುವ ಮುನ್ನ ಕೇಳದಿದ್ದರೆ, ಕೊನೆಗೆ ಅದರ ಬೆಲೆ ತೆರುವವನು ಒಂದೇ ಲಾರಿಯ ಮಾಲೀಕ. ಈಗಲೂ ಕೊಪ್ಪಳದ ಜನ ಅದೇ ಪ್ರಶ್ನೆ ಎತ್ತಿದ್ದಾರೆ: 2025ರ ಫೆಬ್ರುವರಿ 24ರಂದು ನಗರದ ಪಕ್ಕದ ಉಕ್ಕಿನ ಕಾರ್ಖಾನೆಯ ವಿಸ್ತರಣೆಯನ್ನು ವಿರೋಧಿಸಿ ಕೊಪ್ಪಳ ಬಂದ್ ಆದಾಗ ಗವಿಮಠದ ಸ್ವಾಮೀಜಿಯವರೂ ಜನರ ಜೊತೆ ನಿಂತರು. ಆ ಪ್ರತಿಭಟನೆಯ ಬೇಡಿಕೆ ಸರ್ಕಾರದ ಮುಂದೆ ಹೋಯಿತು, ಅದು ಸಹಜ. ಇಂಥ ಯೋಜನೆಗಳಿಗೆ ಹಣ ಕೊಡುವವರನ್ನೂ ಅದೇ ಪ್ರಶ್ನೆ ಕೇಳಬೇಕೆಂಬುದು ನನ್ನ ವಾದ.

ಹಾಗೆ ಕೇಳಿದರೆ ಫಲ ಸಿಗುತ್ತದೆ ಎಂಬುದಕ್ಕೆ ನಿದರ್ಶನಗಳಿವೆ. ನರ್ಮದಾ ಕಣಿವೆಯ ಜನರ ಹೋರಾಟದ ಒತ್ತಡದಿಂದ ವಿಶ್ವಬ್ಯಾಂಕು ತನ್ನ ಸಾಲಗಳ ಮೇಲಿನ ದೂರುಗಳನ್ನು ವಿಚಾರಿಸಲು 1993ರಲ್ಲಿ ಸ್ವತಂತ್ರ ತನಿಖಾ ಮಂಡಳಿಯನ್ನು ರಚಿಸಬೇಕಾಯಿತು. ಆಸ್ಟ್ರೇಲಿಯಾದ ಎಎನ್‌ಝಡ್ ಬ್ಯಾಂಕಿನ ಪ್ರಕರಣ ಇನ್ನೂ ಹತ್ತಿರದ್ದು. ಕಾಂಬೋಡಿಯಾದಲ್ಲಿ ಕಬ್ಬು ಬೆಳೆಯಲೆಂದು ನೂರಾರು ರೈತ ಕುಟುಂಬಗಳ ಭೂಮಿಯನ್ನು ಕಸಿದುಕೊಂಡ ಸಕ್ಕರೆ ಕಂಪನಿಗೆ ಆ ಬ್ಯಾಂಕು ಸಾಲ ಕೊಟ್ಟಿತ್ತು. 2014ರಲ್ಲಿ ಆ ಕುಟುಂಬಗಳ ಪರವಾಗಿ ದೂರು ದಾಖಲಾಯಿತು. ಭೂಮಿ ಕಸಿದದ್ದು ಬ್ಯಾಂಕಲ್ಲ, ಸಾಲವೂ ಆಗಲೇ ತೀರಿತ್ತು. ಆದರೂ 2020ರಲ್ಲಿ, ಆ ಸಾಲದಿಂದ ತಾನು ಗಳಿಸಿದ ಒಟ್ಟು ಲಾಭವನ್ನು ನೊಂದ ಕುಟುಂಬಗಳಿಗೆ ಕೊಡಲು ಬ್ಯಾಂಕು ಒಪ್ಪಿತು. ಸಾಲದ ಬಡ್ಡಿಯಲ್ಲಿ ಕಸಿದ ಭೂಮಿಯ ಪಾಲಿದೆ ಎಂಬುದನ್ನು ಒಂದು ದೊಡ್ಡ ಬ್ಯಾಂಕು ಹಣ ಕೊಟ್ಟು ಒಪ್ಪಿಕೊಂಡಂತಾಯಿತು. ನಮ್ಮಲ್ಲಿ ಹಾಗೆ ಕೇಳಲು ದಾರಿ ಇರಲಿಲ್ಲವೆಂದಲ್ಲ. ಯೋಜನಾ ಸಾಲಗಳಲ್ಲಿ ಸಾಮಾಜಿಕ ಮತ್ತು ಪರಿಸರದ ಅಪಾಯಗಳನ್ನು ತೂಗಿನೋಡುವ ಈಕ್ವೇಟರ್ ತತ್ವಗಳು 2003ರಲ್ಲಿ ಬಂದವು. 2007ರ ಡಿಸೆಂಬರ್‌ನಲ್ಲೇ ರಿಸರ್ವ್ ಬ್ಯಾಂಕು ಒಂದು ಸುತ್ತೋಲೆಯಲ್ಲಿ ಅವುಗಳತ್ತ ಬ್ಯಾಂಕುಗಳ ಗಮನ ಸೆಳೆದಿತ್ತು. 2013ರಲ್ಲಿ, ಮೂಲಸೌಕರ್ಯ ಯೋಜನೆಗಳಿಗೆ ಸಾಲ ಕೊಡುತ್ತಿದ್ದ ಐಡಿಎಫ್‌ಸಿ ಅವುಗಳಿಗೆ ಸಹಿ ಹಾಕಿದ ಮೊದಲ ಭಾರತೀಯ ಸಂಸ್ಥೆಯಾಯಿತು.

ನಾನು ವಿಮರ್ಶಿಸುತ್ತಿರುವ ಬ್ಯಾಂಕಿನ ಬಿಆರ್‌ಎಸ್‌ಆರ್ ವರದಿಯ ಐದನೇ ತತ್ವದ ಪುಟಗಳನ್ನು ಓದಿದೆ. ಎಷ್ಟು ನೌಕರರಿಗೆ ಮಾನವ ಹಕ್ಕುಗಳ ತರಬೇತಿ ಕೊಟ್ಟಿದ್ದಾರೆ, ಲೈಂಗಿಕ ಕಿರುಕುಳದ ದೂರುಗಳೆಷ್ಟು, ಬಾಲಕಾರ್ಮಿಕರ ಬಗ್ಗೆ ದೂರು ಬಂದಿದೆಯೇ, ಕನಿಷ್ಠ ವೇತನ ಸಿಗುತ್ತಿದೆಯೇ ಎಂಬ ವಿವರಗಳು ಕೋಷ್ಟಕಗಳಲ್ಲಿವೆ. ಬಾಲಕಾರ್ಮಿಕರ ಬಗ್ಗೆ ದೂರಿಲ್ಲ ಎಂದು ಬರೆದದ್ದು ಸತ್ಯವೇ ಇರಬೇಕು, ಬ್ಯಾಂಕಿನ ಕಚೇರಿಯಲ್ಲಿ ಮಕ್ಕಳು ದುಡಿಯುವುದಿಲ್ಲ. ಮಕ್ಕಳು ದುಡಿದದ್ದು ಹತ್ತಿ ಬೀಜೋತ್ಪಾದನೆಯ ಹೊಲಗಳಲ್ಲಿ, ಗಣಿಗಳ ಅಂಚಿನಲ್ಲಿ. ಆ ಬೆಳೆಗೂ ಆ ಗಣಿಗೂ ಸಾಲ ಕೊಡುವವರ ವರದಿ ಅಲ್ಲಿಯವರೆಗೆ ಹೋಗುವುದಿಲ್ಲ. ಮಾನವ ಹಕ್ಕುಗಳ ಮುನ್ನಪರಿಶೀಲನೆ ಎಷ್ಟು ವ್ಯಾಪ್ತಿಯಲ್ಲಿ ನಡೆದಿದೆ ಎಂಬ ಪ್ರಶ್ನೆಯೂ, ಇಳಿಜಾರು ದಾರಿಯ ಪ್ರಶ್ನೆಯಂತೆಯೇ, ಐಚ್ಛಿಕ ಸಾಲಿನಲ್ಲಿದೆ. ನಾನು ಓದಿದ ವರದಿಯಲ್ಲಿ ಅದಕ್ಕೆ ಒಂದೇ ವಾಕ್ಯದ ಉತ್ತರವಿತ್ತು, ಸಾಲಗಾರ ಕಂಪನಿಗಳ ಪ್ರಸ್ತಾಪ ಅದರಲ್ಲಿರಲಿಲ್ಲ.

ಬ್ಯಾಂಕಿನ ಒಳಗೆ ದುಡಿಯುವವರ ಬಗ್ಗೆಯೂ ಒಂದು ಮಾತು. ಕಾಯಂ ನೌಕರರ ಸ್ಥಿತಿ ಚೆನ್ನಾಗಿದೆ. ಎಟಿಎಂ ಕಾಯುವವರು, ಕಸ ಗುಡಿಸುವವರು ಗುತ್ತಿಗೆದಾರರ ಕೆಳಗಿದ್ದಾರೆ. ತಮಗೆ ಸಂಬಳದ ಚೀಟಿ ಸಿಗುವುದಿಲ್ಲವೆಂದು ಒಬ್ಬ ಕಾವಲುಗಾರರು ನನಗೆ ಹೇಳಿದರು. ಗುತ್ತಿಗೆ ಕಾರ್ಮಿಕರಿಗೆ ಕೂಲಿ ಕೊಡುವಲ್ಲಿ ಗುತ್ತಿಗೆದಾರ ತಪ್ಪಿದರೆ ಮೂಲ ಮಾಲೀಕನೇ ಕೊಡಬೇಕೆಂಬುದು ನಮ್ಮ ಕಾನೂನಿನ ಹಳೆಯ ನಿಯಮ, ಬ್ಯಾಂಕಿಗೂ ಅದು ಅನ್ವಯಿಸುತ್ತದೆ.

ದೂರಿನ ದಾರಿಯ ಬಗ್ಗೆ ಓದುಗರಿಗೆ ಉಪಯೋಗವಾಗುವಂತೆ ಬರೆಯುತ್ತೇನೆ. ಮೊದಲು ಶಾಖೆಯಲ್ಲಿ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು, ಬಾಯಿಮಾತಿನ ದೂರಿಗೆ ಬೆಲೆಯಿಲ್ಲ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್, ಅಂದರೆ ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಯ ಬಳಿ ಹೋಗಬಹುದು. 2021ರ ನವೆಂಬರ್ 12ರಂದು ಆರಂಭವಾದ ಸಮಗ್ರ ಒಂಬುಡ್ಸ್‌ಮನ್ ಯೋಜನೆಯಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. 14448ಕ್ಕೆ ಕರೆ ಮಾಡಿದರೆ ಮಾಹಿತಿ ಸಿಗುತ್ತದೆ, ಅಂತರ್ಜಾಲದಲ್ಲಾಗಲಿ ಅಂಚೆಯ ಮೂಲಕ ಚಂಡೀಗಢದ ಕೇಂದ್ರಕ್ಕಾಗಲಿ ದೂರು ಕಳಿಸಬಹುದು. ನಷ್ಟಕ್ಕೆ 20 ಲಕ್ಷ ರೂಪಾಯಿವರೆಗೆ, ಅನುಭವಿಸಿದ ಮಾನಸಿಕ ಯಾತನೆಗೆ 1 ಲಕ್ಷದವರೆಗೆ ಪರಿಹಾರ ಕೊಡಿಸುವ ಅಧಿಕಾರ ಆ ಯೋಜನೆಯಲ್ಲಿತ್ತು. ವಸೂಲಿ ಏಜೆಂಟರ ಕುರಿತ ನಮ್ಮ ದೂರು ಬ್ಯಾಂಕಿನ ಮಟ್ಟದಲ್ಲೇ ಇತ್ಯರ್ಥವಾಯಿತು, ಲಿಖಿತವಾಗಿ ಕೊಟ್ಟ ಬಳಿಕ ಏಜೆನ್ಸಿಯವರು ಆ ಮನೆಗೆ ಮತ್ತೆ ಬರಲಿಲ್ಲ, ಪ್ರಾದೇಶಿಕ ಕಚೇರಿಯಿಂದ ವಿಷಾದದ ಪತ್ರವೂ ಬಂತು. ಇದು ಬ್ಯಾಂಕಿನ ಪರವಾಗಿ ಹೇಳಲೇಬೇಕಾದ ಮಾತು.

ಆದರೆ ಒಂಬುಡ್ಸ್‌ಮನ್ ಯೋಜನೆ ಗ್ರಾಹಕರಿಗಾಗಿ ಇರುವಂಥದ್ದು. ಬ್ಯಾಂಕು ಸಾಲ ಕೊಟ್ಟ ಕಾರ್ಖಾನೆಯ ದೂಳನ್ನು ಉಸಿರಾಡುವ ಊರಿನವರು ಬ್ಯಾಂಕಿನ ಗ್ರಾಹಕರಲ್ಲ, ಅವರಿಗೆ ಆ ಬಾಗಿಲು ತೆರೆಯುವುದಿಲ್ಲ. ಈ ಜಿಲ್ಲೆಗಳಲ್ಲಿ ದೊಡ್ಡ ಉದ್ಯಮಗಳಿಗೆ ಸಾಲ ಕೊಡುವಾಗ ಭೂಮಿ, ನೀರು, ದೂಳು ಮತ್ತು ಕೂಲಿಯ ಪ್ರಶ್ನೆಗಳನ್ನು ಯಾರು, ಯಾವ ಹಂತದಲ್ಲಿ ಪರಿಶೀಲಿಸುತ್ತಾರೆ, ಬಾಧಿತರು ಬ್ಯಾಂಕಿನಲ್ಲಿ ಯಾರಿಗೆ ಪತ್ರ ಬರೆಯಬೇಕು ಎಂದು ನಾನು ಶಾಖೆಯ ಮೂಲಕ ಲಿಖಿತವಾಗಿ ಕೇಳಿದ್ದೇನೆ. ದೊಡ್ಡ ಸಾಲಗಳ ವಿಷಯ ಶಾಖೆಯ ವ್ಯಾಪ್ತಿಗೆ ಬರುವುದಿಲ್ಲ, ಪ್ರಧಾನ ಕಚೇರಿಗೆ ಕಳಿಸಿದ್ದೇವೆ ಎಂಬ ಉತ್ತರ ಬಂದಿದೆ. ಪ್ರಧಾನ ಕಚೇರಿಯ ಉತ್ತರ ಬಾರದಿದ್ದರೆ ಅದೇ ಪ್ರಶ್ನೆಗಳನ್ನು ಮಾಹಿತಿ ಹಕ್ಕು ಕಾಯ್ದೆಯಡಿ ಕೇಳುತ್ತೇನೆ. ಸಾರ್ವಜನಿಕ ವಲಯದ ಬ್ಯಾಂಕುಗಳು ಆ ಕಾಯ್ದೆಯ ವ್ಯಾಪ್ತಿಯಲ್ಲಿವೆ. ಯಾವ ಕಂಪನಿಗೆ ಎಷ್ಟು ಸಾಲ ಎಂಬುದನ್ನು ಗೋಪ್ಯವೆಂದು ಅವರು ಹೇಳಬಹುದು, ಸಾಲ ಕೊಡುವ ಮುನ್ನ ಏನೇನು ಕೇಳುತ್ತೇವೆ ಎಂಬ ನಿಯಮವನ್ನು ಗೋಪ್ಯವೆನ್ನಲು ಕಾರಣ ಕಾಣುವುದಿಲ್ಲ.